ಅವ್ವ ಬರದ ಶನಿವಾರ

ಹೆಂಡತಿ ತೀರಿಕೊಂಡ ಎಂಟನೇ ತಿಂಗಳಿಗೆ ನಾನು ಶಿವಮೊಗ್ಗದ ರಾಗಿಗುಡ್ಡದ ಹತ್ತಿರದ ಆ ಮನೆಗೆ ಕೆಲಸಕ್ಕೆ ಸೇರಿದೆ. ಆಗ ನನಗೆ ಐವತ್ತೆರಡು. ಅದಕ್ಕೂ ಮುಂಚೆ ಭದ್ರಾವತಿಯ ಒಂದು ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದ್ದೆ. ಅವಳ ಕಾಯಿಲೆ ಹೆಚ್ಚಾದಾಗ ಅದನ್ನು ಬಿಟ್ಟು ಒಂದೂವರೆ ವರ್ಷ ಮನೆಯಲ್ಲೇ ಕೂತು ನೋಡಿಕೊಂಡೆ. ಮಲಗಿದವರನ್ನು ನೋವಾಗದ ಹಾಗೆ ಹೊರಳಿಸುವುದು, ಅವರು ಹಾಸಿಗೆಯಲ್ಲಿ ಇರುವಾಗಲೇ ಬೆಡ್‌ಶೀಟ್ ಬದಲಾಯಿಸುವುದು, ಗಂಟಲಿಗೆ ಸಿಕ್ಕಿಕೊಳ್ಳದಂತೆ ಗಂಜಿ ಕುಡಿಸುವುದು, ಎಲ್ಲವನ್ನೂ ಅವಳೊಬ್ಬಳಿಂದಲೇ ಕಲಿತೆ. ಅವಳು ಹೋದ ಮೇಲೆ ಆ ಕೆಲಸವೂ ಹೋಯಿತು. ಬೆಳಿಗ್ಗೆ ಎದ್ದು ಬಿಸಿನೀರು ಕಾಯಿಸಿಟ್ಟು, ಯಾರಿಗೆ ಅಂತ ನೆನಪಾಗಿ ಒಲೆ ಆರಿಸಿದ ದಿನಗಳಿವೆ.

ನಮ್ಮ ಬೀದಿಯಲ್ಲಿ ಒಬ್ಬರು ನರ್ಸ್ ಇದ್ದರು. ಹೆಂಡತಿಗೆ ಇಂಜೆಕ್ಷನ್ ಕೊಡಲು ಮನೆಗೆ ಬರುತ್ತಿದ್ದವರು. ಒಂದು ದಿನ ತರಕಾರಿ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿದರು.

"ಅಣ್ಣ, ಶಿವಮೊಗ್ಗದಲ್ಲಿ ಒಂದು ಮನೆ ಇದೆ. ಐದು ಜನ ಗಂಡಸರು ಇದಾರೆ. ವಯಸ್ಸಾಗಿದೆ, ಆದ್ರೆ ಬುದ್ಧಿ ಇನ್ನೂ ಮಕ್ಕಳದ್ದು ಅಂತಾರೆ. ಸ್ನಾನ, ಊಟ ಎಲ್ಲಾ ನೋಡ್ಕೊಳ್ಳೋಕೆ ಗಂಡಸರೇ ಬೇಕಂತೆ. ಅಕ್ಕನ್ನ ನೀವು ನೋಡ್ಕೊಂಡಿದ್ದು ನಾನು ನೋಡಿದೀನಲ್ಲ, ಒಂದ್ಸಲ ಹೋಗಿ ಬನ್ನಿ."

ಹೋದೆ. ಅದು ಆಸ್ಪತ್ರೆಯ ಹಾಗಿರಲಿಲ್ಲ. ಇಂಥವರನ್ನು ನೋಡಿಕೊಳ್ಳುವ ಒಂದು ಸಂಸ್ಥೆ ಬಾಡಿಗೆಗೆ ಹಿಡಿದ ಸಾಮಾನ್ಯ ಮನೆ. ಮುಂದೆ ಎರಡು ಮೆಟ್ಟಿಲು, ಒಂದು ಗೇಟು, ಗೇಟಿನ ಪಕ್ಕ ದಾಸವಾಳ. ಒಳಗೆ ಮೂರು ಕೋಣೆ, ಐದು ಮಂಚ. ಬೆಳಿಗ್ಗೆ ಅಡುಗೆಯಮ್ಮ ಬಂದು ಎರಡು ಹೊತ್ತಿನ ಅಡುಗೆ ಮಾಡಿಟ್ಟು ಹೋಗುತ್ತಿದ್ದರು. ಸಂಸ್ಥೆಯ ಮೇಡಂ ವಾರಕ್ಕೆ ಎರಡು ಸಲ ಬಂದು ಎಲ್ಲ ನೋಡಿಕೊಂಡು ಹೋಗುತ್ತಿದ್ದರು. ಉಳಿದದ್ದೆಲ್ಲ ನಾನು. ವಾರದಲ್ಲಿ ಆರು ದಿನ ಅಲ್ಲೇ ವಾಸ. ಮಂಗಳವಾರ ನನ್ನ ಬದಲು ಇನ್ನೊಬ್ಬರು ಬರುತ್ತಿದ್ದರು.

ಮೊದಲ ದಿನ ಮೇಡಂ ನನ್ನ ಕೈಗೆ ರೇಜರ್ ಕೊಟ್ಟು, "ಇವರಿಗೆ ಶೇವಿಂಗ್ ಮಾಡಿ ನೋಡೋಣ" ಎಂದರು. ಪರೀಕ್ಷೆ ಅಂತ ಆಮೇಲೆ ಗೊತ್ತಾಯಿತು. ಕುರ್ಚಿಯ ಮೇಲೆ ಕೂತವನು ದಪ್ಪನೆಯ, ಬೆಳ್ಳಗಿನ ಮನುಷ್ಯ, ನನಗಿಂತ ಏಳೆಂಟು ವರ್ಷ ಚಿಕ್ಕವನು. ಕುತ್ತಿಗೆಯಲ್ಲಿ ಶಿವದಾರ, ಅದರಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ನಾನು ಸೋಪು ಹಚ್ಚಿದ ಕೂಡಲೇ ಕಣ್ಣು ಮುಚ್ಚಿ ಗಲ್ಲ ಮೇಲೆತ್ತಿ ಕೊಟ್ಟ. ನಾನು ಯಾರು ಅಂತ ಅವನಿಗೆ ಗೊತ್ತಿಲ್ಲ, ನನ್ನ ಕೈಯಲ್ಲಿ ಬ್ಲೇಡ್ ಇದೆ, ಆದರೂ ಗಂಟಲು ಕೊಟ್ಟು ಕೂತಿದ್ದಾನೆ. ಮುಗಿದ ಮೇಲೆ ಅವನು ತನ್ನ ಕೆನ್ನೆ ಸವರಿಕೊಂಡು, ಆಮೇಲೆ ನನ್ನ ಕೆನ್ನೆಯನ್ನೂ ಸವರಿದ. ನನಗೆ ಎರಡು ದಿನದ ಗಡ್ಡವಿತ್ತು. "ಬೇಡ" ಎಂದ. ಮೇಡಂ ನಕ್ಕರು. ಹೆಂಡತಿ ಹೋದ ಮೇಲೆ ನನ್ನ ಮುಖವನ್ನು ಮುಟ್ಟಿದ ಮೊದಲ ಮನುಷ್ಯ ಅವನು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಅಂತ ಕೇಳಿ ಒಪ್ಪಿಗೆ ಪಡೆಯುವ ದಾರಿ ನನಗೆ ಗೊತ್ತಿಲ್ಲ. ಅವನಿಗೆ ಬರುತ್ತಿದ್ದ ಮಾತುಗಳು ಹತ್ತು ಹನ್ನೆರಡು. ಅವ್ವ, ಬಸ್ಸು, ಬೇಡ, ಬಿಸಿ, ಇನ್ನೂ, ಹೀಗೆ. ಉಳಿದದ್ದನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದ.

ಕೆಲಸ ಕಷ್ಟದ್ದೇನೂ ಅಲ್ಲ ಅಂದರೆ ಸುಳ್ಳಾಗುತ್ತದೆ. ಐದು ಜನರ ಸ್ನಾನ, ಐದು ಜನರ ಬಟ್ಟೆ. ಒಬ್ಬರಿಗೆ ಫಿಟ್ಸ್ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಒಬ್ಬರು ಸಿಟ್ಟು ಬಂದರೆ ತಮ್ಮ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದರು. ಆದರೆ ನನ್ನನ್ನು ಬಳಲಿಸಿದ್ದು ಅದಲ್ಲ. ದಿನವಿಡೀ ನಾನೊಬ್ಬನೇ ಮಾತಾಡುತ್ತಿದ್ದೆ. "ಏಳು ಮಾರಾಯ, ಹಲ್ಲುಜ್ಜು, ಕೈ ಕೊಡು, ಬಾಯಿ ತೆಗಿ." ಸಂಜೆಯ ಹೊತ್ತಿಗೆ ಗಂಟಲು ಒಣಗುತ್ತಿತ್ತು. ಆದರೂ ಯಾರ ಜೊತೆಗೂ ಮಾತಾಡಿದ ಹಾಗೆ ಅನ್ನಿಸುತ್ತಿರಲಿಲ್ಲ. ಐದು ಜನರ ಹಸಿವು, ನೋವು, ನಿದ್ದೆ ಎಲ್ಲವನ್ನೂ ನಾನು ಕೇಳಬೇಕಿತ್ತು. ನನ್ನದನ್ನು ಕೇಳಲು ಆ ಮನೆಯಲ್ಲಿ ಯಾರಿಗೂ ಮಾತಿರಲಿಲ್ಲ.

ಮಂಗಳವಾರ ರಜೆ. ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಬೀಗ ತೆಗೆದರೆ ಮನೆಯೊಳಗೆ ಮುಗ್ಗಲು ವಾಸನೆ. ಕಿಟಕಿ ತೆಗೆದು, ಕಸ ಗುಡಿಸಿ, ಒಬ್ಬನಿಗೆ ಅನ್ನ ಮಾಡಿಕೊಂಡು ಉಣ್ಣುತ್ತಿದ್ದೆ. ಪಕ್ಕದ ಮನೆಯ ತಮಿಳು ಅಜ್ಜಿ ಇಣುಕಿ, "ಬಂದಿಯಾಪ್ಪ?" ಎಂದು ಕೇಳಿ ಹೋಗುತ್ತಿದ್ದರು. ದಾವಣಗೆರೆಯಲ್ಲಿರುವ ನನ್ನ ತಂಗಿ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು.

"ಅಣ್ಣ, ಬೇರೆ ಏನೂ ಸಿಗ್ಲಿಲ್ವಾ ನಿಂಗೆ? ಯಾರ್ದೋ ಮನೆಯವರ ಹೊಲಸು ಬಳಿಯೋ ಕೆಲಸ?"

"ಹೊಲಸು ಎಲ್ಲರ ಮನೇಲೂ ಇರುತ್ತೆ ಕಣೆ" ಎನ್ನುತ್ತಿದ್ದೆ. ಅವಳಿಗೆ ಅರ್ಥವಾಗುತ್ತಿರಲಿಲ್ಲ. ಸಂಜೆ ಏಳಕ್ಕೆ ಹಿಂದಿರುಗಿದರೆ ಸಾಕಿದ್ದರೂ ನಾನು ನಾಲ್ಕಕ್ಕೇ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದೆ.

ಆ ಐವರಲ್ಲಿ ತಪ್ಪದೆ ಯಾರಾದರೂ ನೋಡಲು ಬರುತ್ತಿದ್ದುದು ಅವನೊಬ್ಬನನ್ನೇ. ಅವನ ತಾಯಿ ಹದಿನೈದು ದಿನಕ್ಕೊಮ್ಮೆ, ಶನಿವಾರ, ಭದ್ರಾವತಿಯ ಓಲ್ಡ್ ಟೌನಿನಿಂದ ಬಸ್ಸಿನಲ್ಲಿ ಒಬ್ಬರೇ ಬರುತ್ತಿದ್ದರು. ಎಪ್ಪತ್ತೈದರ ಮೇಲಾಗಿತ್ತು. ಸಣ್ಣ ದೇಹ, ಹಣೆಯಲ್ಲಿ ವಿಭೂತಿ, ತಲೆ ಮೇಲೆ ಸೆರಗು, ಕೈಯಲ್ಲಿ ಒಂದು ವೈರಿನ ಬುಟ್ಟಿ. ಗಂಡನ ಕಡೆಯವರು ಅಲ್ಲಿ ಹಳೆಯ ಕಿರಾಣಿ ವ್ಯಾಪಾರಿಗಳು. ಗಂಡ ಹೋದ ಮೇಲೆ ಅಂಗಡಿ ಎರಡನೇ ಮಗನಿಗೆ ಬಂದಿತ್ತು. ದೊಡ್ಡ ಮಗ ಇವನು.

ಮೊದಮೊದಲು ಆಕೆ ನನ್ನನ್ನು ನಂಬಲಿಲ್ಲ. ಬಂದವರೇ ಮಗನನ್ನು ಬೆಳಕಿಗೆ ಕೂರಿಸಿ ಉಗುರು ನೋಡುತ್ತಿದ್ದರು, ಕಿವಿಯ ಹಿಂದೆ ನೋಡುತ್ತಿದ್ದರು, ಅಂಗಿ ಎತ್ತಿ ಬೆನ್ನು ನೋಡುತ್ತಿದ್ದರು. ಶಿವದಾರ ಎಳೆದು ನೋಡಿ ನನ್ನ ಕಡೆ ತಿರುಗಿದರು.

"ಸ್ನಾನ ಮಾಡಿಸುವಾಗ ಇದನ್ನ ತೆಗೀತಿಯೇನಪ್ಪ?"

"ಇಲ್ಲಮ್ಮ. ಒದ್ದೆ ಆದ್ರೂ ಕೊರಳಲ್ಲೇ ಇರುತ್ತೆ. ಆಮೇಲೆ ಒರೆಸ್ತೀನಿ."

"ಯಾವ ಜನ ನೀವು?"

ಹೇಳಿದೆ. ಅವರ ಜನ ಅಲ್ಲ. ಆಕೆ ಶಿವದಾರವನ್ನು ಮಗನ ಅಂಗಿಯೊಳಗೆ ಸೇರಿಸಿ, "ಆಯ್ತು. ದಾರ ಜೀರ್ಣ ಆದ್ರೆ ನಂಗೆ ಹೇಳು, ತಂದು ಕೊಡ್ತೀನಿ" ಎಂದರು. ಎರಡು ತಿಂಗಳಾದ ಮೇಲೆ ಹೊಸ ದಾರವನ್ನು ನನ್ನ ಕೈಗೇ ಕೊಟ್ಟು, ನೀನೇ ಕಟ್ಟು ಎಂದು ಪಕ್ಕದಲ್ಲಿ ನಿಂತು ನೋಡಿದರು. ಆವತ್ತಿನಿಂದ ಕಿವಿ ಹಿಂದೆ ನೋಡುವುದನ್ನು ಬಿಟ್ಟರು.

ಬುಟ್ಟಿಯಲ್ಲಿ ಯಾವಾಗಲೂ ಜೋಳದ ರೊಟ್ಟಿ, ಎಣ್ಣೆಗಾಯಿ, ಒಗ್ಗರಣೆ ಹಾಕಿದ ಮಂಡಕ್ಕಿ ಇರುತ್ತಿತ್ತು. ಐದೂ ಜನಕ್ಕೆ ಆಗುವಷ್ಟು ತರುತ್ತಿದ್ದರು. ಒಂದು ಸಲ ಎಲ್ಲರಿಗೂ ಬಡಿಸಿದ ಮೇಲೆ ನನ್ನನ್ನು ಕರೆದು, "ನಿಂದು ಊಟ ಆಯ್ತೇನಪ್ಪ?" ಎಂದು ಕೇಳಿದರು. ಆಗಿರಲಿಲ್ಲ. ಆಗಿದೆ ಎಂದೆ. ಆಕೆ ನನ್ನ ಮುಖ ನೋಡಿ ಒಂದು ತಟ್ಟೆಗೆ ಎರಡು ರೊಟ್ಟಿ ಹಾಕಿ ನೆಲದ ಮೇಲೆ ಇಟ್ಟರು. ನಾನು ಕೂತು ತಿಂದೆ. ಹೆಂಡತಿಯ ವಿಷಯ ಕೇಳಿದರು, ಹೇಳಿದೆ. ಮಕ್ಕಳಿಲ್ಲವೇ ಎಂದರು, ಇಲ್ಲ ಎಂದೆ. ಅಯ್ಯೋ ಪಾಪ ಅನ್ನಲಿಲ್ಲ. "ಇವನಿಗೆ ಮಕ್ಕಳಿಲ್ಲ, ನಿನಗೂ ಇಲ್ಲ. ನನಗೆ ಇದ್ದೂ ಬಸ್ಸಲ್ಲಿ ಒಬ್ಬಳೇ ಬರ್ತೀನಿ" ಎಂದು ನಕ್ಕರು. ಆ ಶನಿವಾರಗಳಿಗೆ ನಾನೂ ಕಾಯುತ್ತಿದ್ದೆ ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ.

ಮೂರನೆಯ ವರ್ಷ, ಶ್ರಾವಣ ಕಳೆದ ಮೇಲಿನ ಒಂದು ಶನಿವಾರ ಆಕೆ ಬರಲಿಲ್ಲ.

ಅವನಿಗೆ ವಾರಗಳ ಲೆಕ್ಕ ಹೇಗೆ ತಿಳಿಯುತ್ತಿತ್ತೋ ನನಗೆ ಗೊತ್ತಿಲ್ಲ. ಆವತ್ತು ಬೆಳಿಗ್ಗೆ ತಾನೇ ಬಾಚಣಿಗೆ ತಂದುಕೊಟ್ಟ. ತಲೆ ಬಾಚಿದೆ. ಹೋಗಿ ಮುಂದಿನ ಮೆಟ್ಟಿಲ ಮೇಲೆ ಕೂತ. ಹನ್ನೊಂದಾಯಿತು, ಒಂದಾಯಿತು. ಊಟಕ್ಕೆ ಬಾ ಎಂದರೆ ಗೇಟು ತೋರಿಸಿ "ಅವ್ವ" ಎಂದ. ಹುಷಾರಿಲ್ಲದಿರಬಹುದು ಅಂದುಕೊಂಡು ನಾನು ಆಕೆಯ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಎರಡನೇ ಮಗನ ನಂಬರು ರಿಜಿಸ್ಟರಿನಲ್ಲಿತ್ತು. ಅದಕ್ಕೆ ಮಾಡಿದೆ.

"ಯಾರು? ಓ, ಶಿವಮೊಗ್ಗದಿಂದಾನಾ." ಆತ ದನಿ ತಗ್ಗಿಸಿದರು. "ಅವ್ವ ಹೋಗಿ ಆರು ದಿನ ಆಯ್ತು ರೀ. ಮಲಗಿದ್ದಲ್ಲೇ ಹೋಗ್ಬಿಟ್ರು. ನಿಮಗೆ ತಿಳಿಸ್ಬೇಕಿತ್ತು, ಗಡಿಬಿಡಿ ಆಯ್ತು."

"ಸರ್, ಇವರನ್ನ ಕರ್ಕೊಂಡು ಬರ್ಲಾ? ದೊಡ್ಡ ಮಗ ಅಲ್ವಾ..."

"ಬೇಡ ಬೇಡ. ಮಣ್ಣು ಮಾಡಿ ಆಯ್ತಲ್ಲ. ಮುಂದಿನ ವಾರ ಶಿವಗಣಾರಾಧನೆ, ಮನೆ ತುಂಬ ಜನ ಇರ್ತಾರೆ. ಅವನು ಕೂಗಾಡಿದ್ರೆ ಯಾರು ಹಿಡೀತಾರೆ? ಅವನಿಗೆ ಏನು ಗೊತ್ತಾಗುತ್ತೆ ಹೇಳಿ. ಹೇಳ್ಲೇಬೇಡಿ. ಊರಿಗೆ ಹೋಗಿದಾರೆ ಅನ್ನಿ, ಮರ್ತು ಹೋಗ್ತಾನೆ."

ಫೋನ್ ಇಟ್ಟು ಹೊರಗೆ ಬಂದೆ. ಅವನು ತಿರುಗಿ ನೋಡಿ "ಅವ್ವ?" ಎಂದ. ನನಗೆ ಆಗ ಬಾಯಿಗೆ ಬಂದದ್ದು, "ನಾಳೆ ಬರ್ತಾರೆ ಮಾರಾಯ. ನಾಳೆ. ಈಗ ಊಟ ಮಾಡು."

ಅವನು ಎದ್ದು ಬಂದು ಊಟ ಮಾಡಿದ. ಅಷ್ಟು ಸುಲಭವಾಯಿತು.

ಮರುದಿನ ಬೆಳಿಗ್ಗೆ ಅವನೇ ಬಾಚಣಿಗೆ ತಂದ. ನಾಳೆ ಎಂದರೆ ಏನು ಅಂತ ಅವನಿಗೆ ಸರಿಯಾಗಿ ಗೊತ್ತಿತ್ತು. ಆವತ್ತೂ ನಾಳೆ ಎಂದೆ. ಹೀಗೇ ಮೂರು ವಾರ ನಡೆಯಿತು. ಮೊದಲು ಹದಿನೈದು ದಿನಕ್ಕೊಮ್ಮೆ ಕಾಯುತ್ತಿದ್ದವನು ಈಗ ದಿನಾ ಮೆಟ್ಟಿಲ ಮೇಲೆ ಕೂರತೊಡಗಿದ. ಮಳೆ ಬಂದರೂ ಏಳುತ್ತಿರಲಿಲ್ಲ, ನಾನು ಕೊಡೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಊಟ ಅರ್ಧವಾಯಿತು. ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿ ಕೊಡುತ್ತಿದ್ದವನು ರೇಜರ್ ಕಂಡರೆ ಮುಖ ತಿರುಗಿಸಿ "ಬೇಡ" ಎನ್ನತೊಡಗಿದ. ಬಿಳಿ ಗಡ್ಡ ಬೆಳೆದು ತಟ್ಟನೆ ಮುದುಕನ ಹಾಗೆ ಕಾಣಿಸಿದ.

ಅಡುಗೆಯಮ್ಮ ಹೇಳಿದರು, "ನೀವು ಯಾಕೆ ಇಷ್ಟು ಹಚ್ಕೊಳ್ತೀರಿ? ಇನ್ನೊಂದು ತಿಂಗಳು ಹೋಗ್ಲಿ, ತಾನೇ ಸುಮ್ಮನಾಗ್ತಾನೆ."

ಇರಬಹುದು. ಆದರೆ ನನಗೆ ಹೆಂಡತಿಯ ನೆನಪು ಬಿಡಲಿಲ್ಲ. ಅವಳ ಎರಡನೇ ರಿಪೋರ್ಟ್ ಬಂದಾಗ ಡಾಕ್ಟರು ನನ್ನನ್ನು ಬೇರೆ ಕರೆದು ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು. ನಾನು ಹೊರಗೆ ಬಂದು ಅವಳಿಗೆ, "ಪರವಾಗಿಲ್ವಂತೆ, ಔಷಧಿ ಕೆಲಸ ಮಾಡ್ತಿದೆಯಂತೆ" ಎಂದೆ. ಅವಳು ತಲೆಯಾಡಿಸಿದಳು. ಏಳು ತಿಂಗಳು ಆ ಮಾತನ್ನೇ ನಡೆಸಿಕೊಂಡು ಬಂದೆ. ಹೋಗುವ ಎರಡು ವಾರದ ಹಿಂದೆ, ಒಂದು ಮಧ್ಯಾಹ್ನ, ನಾನು ಕಾಲು ಒತ್ತುತ್ತಿದ್ದಾಗ ಅವಳು ಹೇಳಿದಳು: "ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೇಳಿದ್ರೆ ಇಬ್ರೂ ಸೇರಿ ಅಳಬಹುದಿತ್ತು. ನೀವು ಹೇಳ್ಲಿಲ್ಲ, ನಾನು ಒಬ್ಬಳೇ ಅತ್ತೆ." ಸಿಟ್ಟು ಮಾಡಿಕೊಂಡು ಹೇಳಲಿಲ್ಲ. ಹಾಲು ಉಕ್ಕಿತು ನೋಡಿ ಅನ್ನುವ ಹಾಗೆ ಹೇಳಿದಳು. ನಾನು ಕಾಲು ಒತ್ತುವುದನ್ನು ನಿಲ್ಲಿಸಲಿಲ್ಲ, ಉತ್ತರವನ್ನೂ ಕೊಡಲಿಲ್ಲ.

ಮೇಡಂ ಬಂದಾಗ ಹೇಳಿದೆ. "ನಾನು ದಿನಾ ಸುಳ್ಳು ಹೇಳ್ತಿದೀನಿ ಮೇಡಂ. ನನ್ನಿಂದ ಆಗಲ್ಲ. ಒಂದ್ಸಲ ಆ ಮನೆಗೆ ಕರ್ಕೊಂಡು ಹೋಗಿ ತೋರಿಸ್ಬೇಕು."

"ತೋರಿಸಿದ್ರೆ ಗೊತ್ತಾಗುತ್ತೆ ಅಂತೀರಾ?"

"ಅದು ನಂಗೆ ಗೊತ್ತಿಲ್ಲ."

ಮನೆಯವರ ಒಪ್ಪಿಗೆಯಿಲ್ಲದೆ ಆಗುವುದಿಲ್ಲ ಎಂದು ಮೇಡಂ ಅಲ್ಲೇ ನಿಂತು ಅವನ ತಮ್ಮನಿಗೆ ಫೋನ್ ಮಾಡಿದರು. ಬಹಳ ಹೊತ್ತು ಮಾತಾಡಿದರು. ಕೊನೆಗೆ ಫೋನ್ ನನ್ನ ಕೈಗೆ ಕೊಟ್ಟರು. "ಗುರುವಾರ ಬೆಳಿಗ್ಗೆ ಕರ್ಕೊಂಡು ಬನ್ನಿ. ಒಂದು ಗಂಟೆ ಅಷ್ಟೇ ಇರಿ. ಗಲಾಟೆ ಆದ್ರೆ ನೀವೇ ನೋಡ್ಕೋಬೇಕು" ಎಂದು ಆತ ಫೋನ್ ಇಟ್ಟರು.

ಗುರುವಾರ ನನ್ನ ಬದಲಿಯವರನ್ನು ಉಳಿದವರ ಹತ್ತಿರ ಇರಿಸಿ, ಅವನಿಗೆ ಬಿಳಿ ಅಂಗಿ ಹಾಕಿದೆ. ಬಸ್ಸಿಗೆ ಹೋಗೋಣ ಎಂದಾಗ ಶೇವಿಂಗ್ ಮಾಡಲು ಬಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ಭದ್ರಾವತಿಯ ಬಸ್ಸು ನಿಂತಿತ್ತು. ಕಿಟಕಿ ಪಕ್ಕ ಅವನು, ಈ ಕಡೆ ನಾನು. ಬಸ್ಸು ಹೊರಟ ಕೂಡಲೇ ಅವನ ಮುಖ ಅರಳಿತು. ಮೂರು ವಾರದಲ್ಲಿ ಮೊದಲ ಸಲ ನಗುತ್ತಿದ್ದ. ಪ್ರತಿ ಸ್ಟಾಪಿನಲ್ಲೂ ನನ್ನ ತೊಡೆ ತಟ್ಟಿ "ಬಸ್ಸು, ಅವ್ವ, ಬಸ್ಸು" ಎನ್ನುತ್ತಿದ್ದ. ದನಿ ದೊಡ್ಡದು. ಮುಂದಿನ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿ, ಮಗುವನ್ನು ಎತ್ತಿಕೊಂಡು ಬೇರೆ ಸೀಟಿಗೆ ಹೋದಳು. ಬಸ್ಸಲ್ಲೇ ಹೇಳಿಬಿಡಬೇಕು ಅಂದುಕೊಂಡಿದ್ದೆ. ನಿದಿಗೆ ದಾಟಿತು, ಮಾಚೇನಹಳ್ಳಿ ದಾಟಿತು. ಅವನು ನಗುತ್ತಲೇ ಇದ್ದ.

ಓಲ್ಡ್ ಟೌನಿನ ಅವರ ಬೀದಿಯ ತಿರುವಿನಲ್ಲಿ ಅವನು ನನ್ನ ಕೈ ಬಿಡಿಸಿಕೊಂಡು ಮುಂದೆ ನಡೆದ. ಆ ಮನೆಯನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು ಅಂತ ಆಮೇಲೆ ಕೇಳಿದೆ. ದಾರಿ ತಪ್ಪಲಿಲ್ಲ. ಹೊಸ್ತಿಲಾಚೆ ಚಪ್ಪಲಿ ಬಿಟ್ಟ. ತಮ್ಮನ ಹೆಂಡತಿ ಬಾಗಿಲಿಗೆ ಬಂದು, "ಬನ್ನಿ ಭಾವ, ಒಳಗೆ ಬನ್ನಿ" ಎಂದರು. ಅವನು ಆಕೆಯನ್ನು ನೋಡಲೇ ಇಲ್ಲ, ನೇರವಾಗಿ ಅಡುಗೆಮನೆಗೆ ಹೋದ. ಅಲ್ಲಿಂದ ಹಿತ್ತಲಿಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅಲ್ಲಿಂದ ಬಚ್ಚಲಮನೆಯ ಬಾಗಿಲು ತಟ್ಟಿ "ಅವ್ವ" ಎಂದು ಕೂಗಿ, ಒಳಗಿಂದ ಉತ್ತರ ಬರಲಿ ಅಂತ ನಿಂತ. ನಾನು ಬಾಗಿಲು ತೆಗೆದು ತೋರಿಸಿದೆ. ಯಾರೂ ಇರಲಿಲ್ಲ.

ನಡುಮನೆಯಲ್ಲಿ ಆಕೆಯ ಫೋಟೋ ಇಟ್ಟು ಹಾರ ಹಾಕಿದ್ದರು. ತಮ್ಮ ಅದರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎದ್ದು, "ಬಂದ್ಯಾ" ಎಂದರು. ಅಷ್ಟೇ. ಅಣ್ಣನನ್ನು ಮುಟ್ಟಲಿಲ್ಲ. ಅವನು ಫೋಟೋದ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟು "ಅವ್ವ" ಎಂದು ನಕ್ಕ. ಆಮೇಲೆ ಫೋಟೋದ ಹಿಂದೆ ಇಣುಕಿ ನೋಡಿದ. ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಇನ್ನು ಸುಮ್ಮನಿರುವ ಹಾಗಿರಲಿಲ್ಲ. ಅವನನ್ನು ಚಾಪೆಯ ಮೇಲೆ ಕೂರಿಸಿ ಎದುರಿಗೆ ಕೂತೆ. ಎರಡು ಕೈಯನ್ನೂ ಹಿಡಿದುಕೊಂಡೆ.

"ನೋಡು ಮಾರಾಯ. ಅವ್ವ ಸತ್ತು ಹೋದ್ರು. ಅವ್ವ ಇಲ್ಲ. ಇನ್ನು ಬರಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನನ್ನು ಸಮಾಧಾನ ಮಾಡುವವನ ಹಾಗೆ ಮೆಲ್ಲಗೆ ಹೇಳಿದ: "ನಾಳೆ."

ಆ ಮಾತು ಅವನ ಬಾಯಲ್ಲಿ ಮೊದಲು ಇರಲಿಲ್ಲ. ಮೂರು ವಾರದಲ್ಲಿ ನಾನು ಕಲಿಸಿದ್ದೆ.

"ಇಲ್ಲ" ಎಂದೆ. "ನಾಳೆ ಇಲ್ಲ. ನಾನು ಸುಳ್ಳು ಹೇಳಿದೆ. ತಪ್ಪಾಯ್ತು."

ಅವನು ಮತ್ತೆ "ನಾಳೆ" ಎಂದ. ನಾನು ಮತ್ತೆ ಇಲ್ಲ ಎಂದೆ. ಎಷ್ಟು ಸಲವೋ ಗೊತ್ತಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ ಅವನ ತಮ್ಮ ಇದ್ದಕ್ಕಿದ್ದ ಹಾಗೆ ಕಾರಿನ ಕೀ ತೆಗೆದುಕೊಂಡು, "ಬನ್ನಿ, ಜಾಗ ತೋರಿಸ್ತೀನಿ" ಎಂದರು. ಒಂದು ಗಂಟೆ ಆಗಲೇ ಮುಗಿದಿತ್ತು.

ಅವರ ಜನರ ಸಮಾಧಿಗಳಿರುವ ಜಾಗ ಊರಿನ ಅಂಚಿನಲ್ಲಿ. ಗಂಡನ ಸಮಾಧಿಗೆ ಸಿಮೆಂಟ್ ಕಟ್ಟೆ ಇತ್ತು. ಪಕ್ಕದಲ್ಲಿ ಹೊಸ ಮಣ್ಣಿನ ಗುಪ್ಪೆ, ತಲೆಯ ಕಡೆ ಒಂದು ಕಲ್ಲು, ಬಾಡಿದ ಬಿಲ್ವಪತ್ರೆ. ಮಳೆಗೆ ಒಂದು ಬದಿ ಕುಸಿದಿತ್ತು. ಅವನ ತಮ್ಮ ನನಗೆ ವಿಭೂತಿ ಕೊಟ್ಟರು, ನಾನು ಅವನ ಹಣೆಗೆ ಹಚ್ಚಿದೆ.

"ಇಲ್ಲಿದಾರೆ ಅವ್ವ" ಎಂದೆ. "ಮಣ್ಣೊಳಗೆ."

ಅವನು ಬಹಳ ಹೊತ್ತು ನಿಂತಿದ್ದ. ಆಮೇಲೆ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಅಂಗೈ ಇಟ್ಟ. ಬಗ್ಗಿ, ಬಾಯಿಯನ್ನು ಮಣ್ಣಿನ ಹತ್ತಿರ ತಂದು "ಅವ್ವ" ಎಂದು ಕರೆದ. ಕಾದ. ಇನ್ನೊಂದು ಸಲ ಕರೆದ. ಆಮೇಲೆ ಕರೆಯಲಿಲ್ಲ. ಕುಸಿದ ಬದಿಯ ಮಣ್ಣನ್ನು ಬೊಗಸೆಯಲ್ಲಿ ತೆಗೆದು ಮೇಲೆ ಹಾಕತೊಡಗಿದ. ಒಂದೊಂದೇ ಬೊಗಸೆ ಹಾಕಿ ಅಂಗೈಯಿಂದ ಒತ್ತುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಬಿಳಿ ಅಂಗಿಯ ತೋಳೆಲ್ಲ ಕೆಂಪಾಯಿತು.

ನನ್ನ ಹಿಂದೆ ಸದ್ದು ಕೇಳಿ ತಿರುಗಿದರೆ ತಮ್ಮ ಅಳುತ್ತಿದ್ದರು. ಗಂಡಸರು ಅಳುವ ಹಾಗೆ ಮುಖ ಮುಚ್ಚಿಕೊಂಡಲ್ಲ, ಬಾಯಿ ತೆರೆದು ಮಕ್ಕಳ ಹಾಗೆ.

"ಚಿಕ್ಕವನಿದ್ದಾಗ ಫ್ರೆಂಡ್ಸ್ ಬಂದ್ರೆ ಇವನನ್ನ ಕೋಣೆಗೆ ಹಾಕಿ ಚಿಲಕ ಹಾಕ್ತಿದ್ದೆ ನಾನು" ಎಂದರು. ನನಗೆ ಹೇಳಿದರೋ ಸಮಾಧಿಗೆ ಹೇಳಿದರೋ. "ಅವ್ವ ಬಂದು ತೆಗೀತಿದ್ರು. ಒಂದು ದಿನಾನೂ ನನ್ನ ಬೈಲಿಲ್ಲ."

ಅವನು ಮಣ್ಣು ಹಾಕುವುದನ್ನು ನಿಲ್ಲಿಸಿ ತಮ್ಮನನ್ನು ನೋಡಿದ. ಎದ್ದು ಹತ್ತಿರ ಹೋದ. ಮಣ್ಣಾದ ಕೈಯಿಂದಲೇ ತಮ್ಮನ ಕೆನ್ನೆ ಒರೆಸಿ "ಬೇಡ" ಎಂದ. "ಬೇಡ, ಬೇಡ." ತಮ್ಮ ಅವನ ಕೈ ತಳ್ಳಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಒಂದು ಸಲವೂ ಬಸ್ಸು ಎನ್ನಲಿಲ್ಲ.

ಅವನಿಗೆ ಏನು ಅರ್ಥವಾಯಿತು ಅಂತ ಮೇಡಂ ಕೇಳಿದರು. ಇವತ್ತಿಗೂ ನನಗೆ ಗೊತ್ತಿಲ್ಲ. ಮರುದಿನದಿಂದ ಜ್ವರ ಬಂದು ಐದು ದಿನ ಮಲಗಿದ. ಎದ್ದ ಮೇಲೂ ಕೆಲವು ಶನಿವಾರ ಮೆಟ್ಟಿಲ ಮೇಲೆ ಕೂತ. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. "ಅವ್ವ" ಎಂದರೆ "ಸತ್ತು ಹೋದ್ರು" ಎನ್ನುತ್ತಿದ್ದೆ. ಒಂದು ದಿನ ಅವನೇ "ಅವ್ವ, ಮಣ್ಣು" ಎಂದ. ಹೌದು ಎಂದೆ. ಎದ್ದು ಒಳಗೆ ಹೋದ. ಆಮೇಲೆ ಊಟ ಮೊದಲಿನ ಹಾಗಾಯಿತು. ತಮ್ಮ ಎರಡು ಸಲ ಹೆಂಡತಿಯ ಜೊತೆ ಬಂದು ಹೋದರು. ಆಕೆ ಅತ್ತೆಯ ಹಾಗೆಯೇ ಮಂಡಕ್ಕಿ ಮಾಡಿ ತಂದಿದ್ದರು. ಖಾರ ಸ್ವಲ್ಪ ಜಾಸ್ತಿಯಾಗಿತ್ತು. ಆಮೇಲೆ ಬರುವುದು ಕಡಿಮೆಯಾಗಿ, ಹಬ್ಬಕ್ಕೆ ಫೋನ್ ಮಾಡುವುದು ಉಳಿಯಿತು.

ಊಟ ಆಯ್ತೇನಪ್ಪ ಎಂದು ಕೇಳುವವರು ನನಗೂ ಇಲ್ಲವಾದರು. ಆದರೆ ತಾಯಿ ಅವನಿಗೆ. ನನಗೆ ಆಕೆ ಏನೂ ಆಗಬೇಕಿರಲಿಲ್ಲ. ಹಾಗಾಗಿ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಒಂದು ಮಂಗಳವಾರ ಭದ್ರಾವತಿಯ ಮನೆಯಲ್ಲಿ ಹೆಂಡತಿಯ ಸೀರೆಗಳಿದ್ದ ಟ್ರಂಕನ್ನು ತೆಗೆದು ಕೂತಿದ್ದಾಗ, ಆವತ್ತು ಕೊಡದೆ ಉಳಿದ ಉತ್ತರವನ್ನು ಗಟ್ಟಿಯಾಗಿ ಹೇಳಿದೆ. "ನಂಗೆ ಹೆದರಿಕೆ ಆಗಿತ್ತು ಕಣೆ." ಪಕ್ಕದ ಮನೆಯ ಅಜ್ಜಿ ಯಾರ ಜೊತೆ ಮಾತಾಡುತ್ತಿದ್ದೀಯ ಎಂದು ಕೇಳಿದರು. ಫೋನಿನಲ್ಲಿ ಎಂದೆ.

ಮುಂದಿನ ವರ್ಷ ಮನೆಯ ಮಾಲೀಕರು ಮನೆ ಬಿಡಿ ಎಂದರು. ಶಿವಮೊಗ್ಗದಲ್ಲಿ ಬೇರೆ ಮನೆ ಹುಡುಕಿದರೆ, ಯಾರು ಇರುತ್ತಾರೆ ಅಂತ ಕೇಳಿ ಬಾಗಿಲು ಹಾಕಿಕೊಂಡವರೇ ಹೆಚ್ಚು. ಕೊನೆಗೆ ಸಂಸ್ಥೆಯವರು ಮೂವರನ್ನು ಬೇರೆ ಕಡೆಗೂ, ಅವನನ್ನೂ ಇನ್ನೊಬ್ಬರನ್ನೂ ಕುಂಸಿಯ ಹತ್ತಿರ ಹೊಸದಾಗಿ ತೆರೆದ ಮನೆಗೂ ಕಳಿಸುವುದೆಂದು ತೀರ್ಮಾನಿಸಿದರು. ಅಲ್ಲಿ ಕೆಲಸಕ್ಕೆ ಆಗಲೇ ಜನ ಇದ್ದರು. ನನ್ನನ್ನು ಶಿವಮೊಗ್ಗದಲ್ಲಿ ಮುದುಕರಿರುವ ಒಂದು ಮನೆಗೆ ಹಾಕಿದರು. ಅವನ ಜೊತೆ ಹೋಗುತ್ತೇನೆ ಎಂದು ಕೇಳಿದೆ. ಮೇಡಂಗೆ ಬೇಸರವಾಗಿತ್ತು, ಆದರೂ ಹೇಳಿದರು: "ನಿಮ್ಮನ್ನೇ ನೆಚ್ಚಿಕೊಂಡ್ರೆ ಮುಂದೆ ಅವರಿಗೇ ಕಷ್ಟ ಅಲ್ವಾ?" ಅದು ಸರಿಯೋ ತಪ್ಪೋ ಗೊತ್ತಾಗಲಿಲ್ಲ. ನಾನು ಅವನಿಗೆ ಯಾರು ಅಂತ ಹೇಳಿ ವಾದ ಮಾಡಲಿ?

ಹೊರಡುವ ಬೆಳಿಗ್ಗೆ ಶೇವಿಂಗ್ ಮಾಡಿದೆ. ಹೊಸ ಶಿವದಾರ ಕಟ್ಟಿದೆ. "ನೀನು ಬೇರೆ ಮನೆಗೆ ಹೋಗ್ತೀಯ. ನಾನು ಜೊತೆಗೆ ಬರಲ್ಲ. ಆಗಾಗ ನೋಡೋಕೆ ಬರ್ತೀನಿ" ಎಂದು ಅವನ ಕಣ್ಣು ನೋಡಿಯೇ ಹೇಳಿದೆ. ಅವನು ವ್ಯಾನು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದ.

ತಿಂಗಳ ಮೇಲೆ ಕುಂಸಿಗೆ ಹೋದೆ. ಬಿಸಿಲು ಬೀಳುವ ಒಳ್ಳೆಯ ಮನೆ. ನೋಡಿಕೊಳ್ಳುತ್ತಿದ್ದ ಯುವಕ ಸಾಧು, ಚಹಾ ಕೊಟ್ಟ. ನಮ್ಮವನು ನನ್ನನ್ನು ನೋಡಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಬಂದು ನನ್ನ ಮಣಿಕಟ್ಟು ಹಿಡಿದು ಗೇಟಿನ ಕಡೆ ಎಳೆದ. ಮೂವರೂ ರಸ್ತೆಯವರೆಗೆ ನಡೆದೆವು. ಬಸ್ಸು ಬಂದಾಗ, ನಾನೊಬ್ಬನೇ ಹತ್ತುವುದು ಎಂದು ಹೇಳಿ ಕೈ ಬಿಡಿಸಿಕೊಂಡೆ. ಅವನು ಅಳಲಿಲ್ಲ. ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದ.

ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಹೋದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಅವನು ತಲೆಯೆತ್ತಿ ನನ್ನನ್ನು ನೋಡಿ ನಕ್ಕ. ಆಮೇಲೆ ಆ ಯುವಕನಿಗೆ ತಟ್ಟೆ ತೋರಿಸಿ "ಇನ್ನೂ" ಎಂದ. ಆತ ಸಾರು ಬಡಿಸಿದ. ನಮ್ಮವನ ಕೆನ್ನೆ ನುಣ್ಣಗಿತ್ತು, ಉಗುರು ಸರಿಯಾಗಿ ಕತ್ತರಿಸಿದ್ದರು. ಊಟವಾದ ಮೇಲೆ ಅವನು ಹೋಗಿ ಮಲಗಿಕೊಂಡ. ಎಬ್ಬಿಸಲೇ ಎಂದು ಯುವಕ ಕೇಳಿದ. ಬೇಡ ಎಂದೆ. ಬಿಸಿಲಿನಲ್ಲಿ ರಸ್ತೆಗೆ ನಡೆದು ಬಂದೆ. ಬಸ್ಸು ಖಾಲಿಯಿತ್ತು. ಶಿವಮೊಗ್ಗ ಬರುವವರೆಗೆ ಕಂಡಕ್ಟರನ ಜೊತೆ ಅದೂ ಇದೂ ಮಾತಾಡುತ್ತ ಬಂದೆ. ಎಲ್ಲಿಗೆ ಹೋಗಿದ್ರಿ ಎಂದು ಅವರು ಕೇಳಿದರು. ಪರಿಚಯದವರ ಮನೆಗೆ ಎಂದೆ.